ಪ್ಲಾನ್ ಓದಲು ಬಾರದವರಿಗೇ ಆ ಕಟ್ಟಡ

ಪ್ಲಾನ್‌ನಲ್ಲಿ ಬಾಗಿಲನ್ನು ಹೇಗೆ ಬರೆಯುತ್ತಾರೆ, ನೋಡಿದ್ದೀರಾ? ಗೋಡೆಯ ಗೆರೆಗಳ ನಡುವೆ ಸ್ವಲ್ಪ ಖಾಲಿ ಜಾಗ. ಅಲ್ಲಿಂದ ಹೊರಟ ಒಂದು ನೇರ ಗೆರೆ. ಅದರ ತುದಿಯಿಂದ ಬಾಗಿ ಬಂದು ಗೋಡೆ ಸೇರುವ ಒಂದು ಕಾಲುವೃತ್ತ. ಬಾಗಿಲು ತೆರೆಯುವಾಗ ಎಷ್ಟು ಜಾಗ ನುಂಗುತ್ತದೆ ಅನ್ನುವುದನ್ನು ಆ ಕಾಲುವೃತ್ತ ಹೇಳುತ್ತದೆ. ಆರ್ಕಿಟೆಕ್ಚರ್ ಓದಲು ಸೇರಿದ ಕೆಲವೇ ವಾರದಲ್ಲಿ ಇದು ಕೈಗೆ ಕೂತುಬಿಡುತ್ತದೆ. ಆಮೇಲೆ ಅದೊಂದು ಚಿಹ್ನೆ ಅನ್ನುವುದೇ ಮರೆತುಹೋಗುತ್ತದೆ.

ಅದೇ ಪ್ಲಾನನ್ನು ಆ ಕಟ್ಟಡದಲ್ಲಿ ದಿನವೂ ಓಡಾಡಬೇಕಾದವರ ಮುಂದೆ ಹರಡಿ. "ಇಲ್ಲಿ ಗೋಡೆ ಯಾಕೆ ಗುಂಡಗಿದೆ?" ಅಂತ ಒಬ್ಬರು ಕೇಳಿದರೆ ಪುಣ್ಯ. ಹೆಚ್ಚಿನವರು ಅದನ್ನೂ ಕೇಳುವುದಿಲ್ಲ. "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ.

ಇದು ಅವರ ದಡ್ಡತನ ಅಲ್ಲ. ಪ್ಲಾನ್ ಅಂದರೆ, ಕಟ್ಟಡವನ್ನು ಸೊಂಟಕ್ಕಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ಎತ್ತಿಟ್ಟು, ಆಕಾಶದಿಂದ ಇಣುಕಿದರೆ ಕಾಣುವ ನೋಟ. ಯಾರೂ ತಮ್ಮ ಮನೆಯನ್ನು ಹಾಗೆ ನೋಡಿರುವುದಿಲ್ಲ, ಅಲ್ವಾ?

ಈಗ ಅದೇ ಕೋಣೆಯನ್ನು ಒಂದು ಹಾಲ್‌ನ ನೆಲದ ಮೇಲೆ ನಿಜವಾದ ಅಳತೆಗೆ ಬರೆಯಿರಿ. ಗೋಡೆ ಇರುವ ಕಡೆ ಟೇಪ್ ಅಂಟಿಸಿ, ಬಾಗಿಲಿರುವ ಕಡೆ ಬಿಡಿ. ಊರುಗೋಲು ಹಿಡಿದ ಅಜ್ಜಿಯೊಬ್ಬರನ್ನು ಒಳಗೆ ಬರಲು ಹೇಳಿ. ಅವರು ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಇಲ್ಲದ ಬಾಗಿಲನ್ನು ಕೈ ಚಾಚಿ ಎಳೆದು ನೋಡುತ್ತಾರೆ. "ಇದು ನನ್ನ ಕಡೆಗೆ ತೆರೆಯುತ್ತಾ? ಹಾಗಾದ್ರೆ ನಾನು ಹಿಂದಕ್ಕೆ ಸರೀಬೇಕು. ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಬಾಗಿಲು, ಹಿಂದೆ ಮೆಟ್ಟಿಲು. ಬೀಳ್ತೀನಿ ಅಷ್ಟೇ." ವಿದ್ಯಾರ್ಥಿ ಬಗ್ಗಿ ಟೇಪ್ ಕೀಳುತ್ತಾನೆ. ಪ್ಲಾನ್‌ನಲ್ಲಿ ಕಾಲುವೃತ್ತ ಇನ್ನೊಂದು ಬದಿಗೆ ಹೋಗುತ್ತದೆ.

ಆರ್ಕಿಟೆಕ್ಚರ್ ಶಿಕ್ಷಣದಲ್ಲಿ ಜನರನ್ನು ಒಳಗೊಳ್ಳುವುದು ಅಂದರೆ ಮೂಲದಲ್ಲಿ ಇಷ್ಟೇ. ಆದರೆ ಈ ಟೇಪ್ ಅಂಟಿಸುವ ಹಂತಕ್ಕೆ ಬರಲು ಕಾಲೇಜುಗಳಿಗೆ ತುಂಬಾ ಕಾಲ ಹಿಡಿಯಿತು. ಬಂದ ಮೇಲೂ ದಾರಿ ಸಲೀಸಾಗಿಲ್ಲ.

ಎರಡು ಮಾತು ಇಲ್ಲಿ ಬೆರೆತುಹೋಗುತ್ತವೆ. ಬಿಡಿಸಿಟ್ಟುಕೊಳ್ಳೋಣ. ಒಂದು, ಔಟ್‌ರೀಚ್. ಕಾಲೇಜಿನಲ್ಲಿರುವ ತಿಳಿವಳಿಕೆಯನ್ನು ಹೊರಗೆ ಒಯ್ಯುವುದು. ಪ್ರದರ್ಶನ, ನಗರ ನಡಿಗೆ, ಶಾಲೆ ಮಕ್ಕಳಿಗೆ ಕಾರ್ಯಾಗಾರ, ಕಟ್ಟಡ ನಿಯಮಗಳನ್ನು ಸರಳವಾಗಿ ಹೇಳುವ ಪೋಸ್ಟರ್ ಎಲ್ಲ ಇದರಲ್ಲಿ ಬರುತ್ತವೆ. ಇನ್ನೊಂದು, ಎಂಗೇಜ್‌ಮೆಂಟ್. ಏನು ಕಟ್ಟಬೇಕು, ಹೇಗೆ ಕಟ್ಟಬೇಕು ಅನ್ನುವುದನ್ನು ಜನರ ಜೊತೆ ಕೂತು ತೀರ್ಮಾನ ಮಾಡುವುದು. ಮೊದಲನೆಯದರಲ್ಲಿ ಮಾತು ಒಂದೇ ಕಡೆಯಿಂದ ಹೋಗುತ್ತದೆ. ಎರಡನೆಯದರಲ್ಲಿ ತಿರುಗಿ ಬರುತ್ತದೆ, ಬಂದು ಡ್ರಾಯಿಂಗ್ ಬದಲಾಯಿಸುತ್ತದೆ. ಎರಡೂ ಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆವು ಅಂತ ಹೇಳಿಕೊಳ್ಳುವುದು ಮಾತ್ರ ತಪ್ಪು.

ಮುಚ್ಚಿದ ಬಾಗಿಲ ಹಿಂದಿನ ಜ್ಯೂರಿ

ಇವತ್ತಿನ ಆರ್ಕಿಟೆಕ್ಚರ್ ಸ್ಟುಡಿಯೋ ಪದ್ಧತಿಯ, ಅಂದರೆ ಒಟ್ಟಿಗೆ ಕೂತು ಡಿಸೈನ್ ಮಾಡುತ್ತಲೇ ಕಲಿಯುವ ಪದ್ಧತಿಯ, ಒಂದು ದೊಡ್ಡ ಬೇರು ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿದೆ. 19ನೇ ಶತಮಾನದಲ್ಲಿ ಅಲ್ಲಿ ಮೇಷ್ಟ್ರು ಒಂದು ವಿಷಯ ಕೊಡುತ್ತಿದ್ದರು. ವಿದ್ಯಾರ್ಥಿಗಳು ಹಗಲು ರಾತ್ರಿ ಕೂತು ಬರೆಯುತ್ತಿದ್ದರು. ಗಡುವಿನ ದಿನ ಡ್ರಾಯಿಂಗ್‌ಗಳನ್ನು ಒಯ್ಯಲು ಕೈಗಾಡಿ ಬರುತ್ತಿತ್ತು. ಫ್ರೆಂಚ್‌ನಲ್ಲಿ ಆ ಗಾಡಿಗೆ ಶರೆಟ್ ಅಂತ ಹೆಸರು. ಕೆಲವರು ಗಾಡಿಯ ಜೊತೆ ಓಡುತ್ತಾ, ಗಾಡಿ ಹತ್ತಿ ಕೂತು ಕೊನೆಯ ಗೆರೆ ಎಳೆಯುತ್ತಿದ್ದರು ಅಂತ ಕತೆ ಇದೆ. ಆಮೇಲೆ ಜ್ಯೂರಿ, ಅಂದರೆ ಡ್ರಾಯಿಂಗ್‌ಗಳನ್ನು ತೂಗಿ ನೋಡುವವರ ತಂಡ, ಬಾಗಿಲು ಮುಚ್ಚಿಕೊಂಡು ತೀರ್ಪು ಕೊಡುತ್ತಿತ್ತು. ಡ್ರಾಯಿಂಗ್ ಬರೆದವನಿಗೇ ಒಳಗೆ ಪ್ರವೇಶ ಇರಲಿಲ್ಲ. ಇನ್ನು ಜನರ ಮಾತೆಲ್ಲಿ ಬಂತು!

ತಮಾಷೆ ಏನಂದರೆ, ಇವತ್ತು ಜನರನ್ನು ಕರೆದು ಎರಡು ಮೂರು ದಿನ ಒಟ್ಟಿಗೆ ಕೂತು ಡಿಸೈನ್ ಮಾಡುವ ಶಿಬಿರಕ್ಕೂ ಶರೆಟ್ ಅಂತಲೇ ಹೆಸರು. ಗಡುವಿನ ಗಾಬರಿಯ ಪದ ಜನರ ಸಭೆಗೆ ಬಂದು ಕೂತಿದೆ. ಗಾಬರಿಯೂ ಜೊತೆಗೇ ಬಂದಿದೆ ಅನ್ನುವುದನ್ನು ಮುಂದೆ ನೋಡೋಣ.

ಈಗ ಜ್ಯೂರಿ ವಿದ್ಯಾರ್ಥಿಯ ಎದುರಿಗೇ ನಡೆಯುತ್ತದೆ. ಆದರೆ ಅಲ್ಲಿ ಕೂತವರೆಲ್ಲ ಆರ್ಕಿಟೆಕ್ಟ್‌ಗಳೇ. ಐದು ವರ್ಷ ಒಬ್ಬ ವಿದ್ಯಾರ್ಥಿ ಪ್ಲಾನ್ ಓದಬಲ್ಲವರ ಮುಂದೆಯೇ ನಿಂತು ಮಾತಾಡುತ್ತಾನೆ. ಅವರ ಪದಗಳನ್ನು ಕಲಿಯುತ್ತಾನೆ, ಅವರ ಮೆಚ್ಚುಗೆಗೆ ಬೆಲೆ ಕೊಡುತ್ತಾನೆ. ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಎದುರಿಗೆ ಇರುವವರು ಬೇರೆಯೇ. ಆಸ್ಪತ್ರೆಯ ನರ್ಸ್, ಶಾಲೆಯ ಮಕ್ಕಳು, ಬಸ್ ಕಾಯುವವರು. ಅವರ ಮಾತು ಕೇಳುವ ಅಭ್ಯಾಸ ಯಾವ ಸೆಮಿಸ್ಟರ್‌ನಲ್ಲೂ ಆಗಿರುವುದಿಲ್ಲ. ಚಿತ್ರ ಬರೆಯುವುದು ಹೇಗೆ ಕಲಿಯಬೇಕಾದ ಕಸುಬೋ, ಕೇಳಿಸಿಕೊಳ್ಳುವುದೂ ಹಾಗೇ ಒಂದು ಕಸುಬು. ಒಳ್ಳೆ ಮನಸ್ಸಿದ್ದರೆ ತಾನಾಗಿ ಬರುತ್ತದೆ ಅನ್ನುವುದು ಭ್ರಮೆ.

ಗುಡುಗಿನಂಥ ಮೌನ

1960ರ ದಶಕದ ಅಮೆರಿಕದಲ್ಲಿ ಈ ಅಂತರ ಬೀದಿಗೆ ಬಂತು. ನಗರ ಸುಧಾರಣೆ ಹೆಸರಿನಲ್ಲಿ ಹಳೆಯ ಬಡಾವಣೆಗಳು ನೆಲಸಮ ಆಗುತ್ತಿದ್ದವು. ಊರಿನ ಮಧ್ಯೆ ಹೆದ್ದಾರಿ ಹಾಯುತ್ತಿತ್ತು. ಮನೆ ಕಳೆದುಕೊಂಡವರಲ್ಲಿ ಬಡವರು, ಕಪ್ಪು ಜನರು ಜಾಸ್ತಿ. ನಕ್ಷೆ ಬರೆದವರು ಯಾರು? ಒಳ್ಳೊಳ್ಳೆ ಕಾಲೇಜಿನಲ್ಲಿ ಓದಿದವರೇ.

1964ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕೆಲವು ಆರ್ಕಿಟೆಕ್ಟ್‌ಗಳು ಸೇರಿ ಒಂದು ಸಂಸ್ಥೆ ಕಟ್ಟಿದರು. ಆರ್ಕಿಟೆಕ್ಟ್ಸ್ ರಿನ್ಯೂವಲ್ ಕಮಿಟಿ ಇನ್ ಹಾರ್ಲೆಮ್ ಅಂತ ಹೆಸರು. ವಕೀಲ ಕಕ್ಷಿದಾರನ ಪರ ನಿಲ್ಲುವ ಹಾಗೆ ಆರ್ಕಿಟೆಕ್ಟ್ ಆ ಬಡಾವಣೆಯ ಪರ ನಿಲ್ಲಬೇಕು ಅನ್ನುವುದು ಅವರ ವಿಚಾರ. ಸರ್ಕಾರಿ ನಕ್ಷೆಯನ್ನು ಜನರಿಗೆ ಓದಿ ಹೇಳುವುದು, ಬದಲಿ ನಕ್ಷೆ ಬರೆದುಕೊಡುವುದು ಅವರ ಕೆಲಸ. ಇಂಥ ಕೇಂದ್ರಗಳಿಗೆ ಆಮೇಲೆ ಕಮ್ಯುನಿಟಿ ಡಿಸೈನ್ ಸೆಂಟರ್ ಅನ್ನುವ ಹೆಸರು ನಿಂತಿತು. ಹಲವು ವಿಶ್ವವಿದ್ಯಾಲಯಗಳೂ ತೆರೆದವು.

1968ರಲ್ಲಿ ಅಮೆರಿಕದ ಆರ್ಕಿಟೆಕ್ಟ್‌ಗಳ ರಾಷ್ಟ್ರೀಯ ಸಮ್ಮೇಳನಕ್ಕೆ ಕಪ್ಪು ಜನರ ಹಕ್ಕಿಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್‌ನ ಮುಖ್ಯಸ್ಥ ವಿಟ್ನಿ ಯಂಗ್ ಅವರನ್ನು ಭಾಷಣಕ್ಕೆ ಕರೆದಿದ್ದರು. ಅತಿಥಿಗಳು ಸಾಮಾನ್ಯವಾಗಿ ಹೊಗಳಿ ಹೋಗುತ್ತಾರೆ. ಇವರು ಹಾಗೆ ಮಾಡಲಿಲ್ಲ. ನಾಗರಿಕ ಹಕ್ಕುಗಳ ವಿಷಯದಲ್ಲಿ ನಿಮ್ಮ ವೃತ್ತಿ ಹೆಸರಾಗಿರುವುದು ಗುಡುಗಿನಂಥ ಮೌನಕ್ಕೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆ ಮಾತು ಇವತ್ತಿಗೂ ಆರ್ಕಿಟೆಕ್ಚರ್ ತರಗತಿಗಳಲ್ಲಿ ಕೇಳಿಬರುತ್ತದೆ.

ಅದಕ್ಕೂ ಒಂದು ವರ್ಷ ಮೊದಲು, 1967ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಮೂರ್ ಅವರು ವಿದ್ಯಾರ್ಥಿಗಳನ್ನು ಸ್ಟುಡಿಯೋದಿಂದ ಎಬ್ಬಿಸಿ ಹೊರಗೆ ಕಳಿಸಿದ್ದರು. ಮೊದಲ ಕೆಲಸ ಕೆಂಟಕಿಯ ನ್ಯೂ ಜಯಾನ್ ಅನ್ನುವ ಹಳ್ಳಿಯಲ್ಲಿ ಒಂದು ಸಮುದಾಯ ಭವನ. ಡಿಸೈನ್ ಮಾಡಿದವರೇ ಸುತ್ತಿಗೆ ಹಿಡಿದು ಕಟ್ಟಬೇಕು. ಯೇಲ್‌ನಲ್ಲಿ ಈ ಬಿಲ್ಡಿಂಗ್ ಪ್ರಾಜೆಕ್ಟ್ ಇವತ್ತಿಗೂ ಇದೆ. ಮೊದಲ ವರ್ಷದ ವಿದ್ಯಾರ್ಥಿಗಳು ತಪ್ಪಿಸಿಕೊಳ್ಳುವ ಹಾಗಿಲ್ಲ.

ಪಾಲ್ಗೊಳ್ಳುವವರು ಯಾರು, ಗಿಟ್ಟಿಸಿಕೊಳ್ಳುವವರು ಯಾರು

ಸಭೆ ಕರೆದ ಮಾತ್ರಕ್ಕೆ ಜನರ ಪಾಲು ಸಿಕ್ಕಂತಲ್ಲ. ಇದನ್ನು ಅಳೆಯುವುದಕ್ಕೆ ಒಂದು ಸುಲಭದ ಅಳತೆಗೋಲು ಇದೆ. 1969ರಲ್ಲಿ ಶೆರಿ ಆರ್ನ್‌ಸ್ಟೀನ್ ಅವರು ಬರೆದ ಒಂದು ಲೇಖನದಿಂದ ಬಂದದ್ದು. ಜನರ ಪಾಲ್ಗೊಳ್ಳುವಿಕೆ ಪಾಲಕ್ ಸೊಪ್ಪು ತಿಂದ ಹಾಗೆ, ಒಳ್ಳೆಯದು ಅಂತ ಯಾರೂ ಬೇಡ ಅನ್ನುವುದಿಲ್ಲ ಅಂತ ಲೇಖನ ಶುರುವಾಗುತ್ತದೆ. ಆಮೇಲೆ ಎಂಟು ಮೆಟ್ಟಿಲಿನ ಒಂದು ಏಣಿ ಬರುತ್ತದೆ. ತಳದ ಎರಡು ಮೆಟ್ಟಿಲು ಬರೀ ನಾಟಕ: ಜನರನ್ನು ಒಪ್ಪಿಸಲು, ಸಮಾಧಾನ ಮಾಡಲು ಕರೆದಿರುತ್ತಾರೆ. ಅದರ ಮೇಲೆ ಮೂರು ಮೆಟ್ಟಿಲು: ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಒಂದೆರಡು ಬೇಡಿಕೆ ಒಪ್ಪಿ ಬಾಯಿ ಮುಚ್ಚಿಸುವುದು. ಇಲ್ಲಿ ಜನ ಮಾತಾಡಬಹುದು, ಆದರೆ ಆ ಮಾತು ನಡೆಯುತ್ತದೆ ಅನ್ನುವ ಖಾತ್ರಿ ಇಲ್ಲ. ಮೇಲಿನ ಮೂರರಲ್ಲಿ ಮಾತ್ರ ತೀರ್ಮಾನ ಜನರ ಕೈಗೆ ಬರುತ್ತದೆ: ಪಾಲುದಾರಿಕೆ, ಅಧಿಕಾರ ಬಿಟ್ಟುಕೊಡುವುದು, ಪೂರ್ತಿ ಹಿಡಿತ.

ಅದೇ ಲೇಖನದಲ್ಲಿ ಫ್ರಾನ್ಸಿನ ವಿದ್ಯಾರ್ಥಿಗಳ ಒಂದು ಪೋಸ್ಟರ್ ಇದೆ. ವ್ಯಾಕರಣ ಪಾಠದ ಹಾಗೆ ಕ್ರಿಯಾಪದ ಬರೆದಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ನಾನು ಪಾಲ್ಗೊಳ್ಳುತ್ತೇನೆ, ನೀನು ಪಾಲ್ಗೊಳ್ಳುತ್ತೀಯ, ಅವನು ಪಾಲ್ಗೊಳ್ಳುತ್ತಾನೆ, ನಾವು ಪಾಲ್ಗೊಳ್ಳುತ್ತೇವೆ, ನೀವು ಪಾಲ್ಗೊಳ್ಳುತ್ತೀರಿ, ಅವರು ಲಾಭ ಮಾಡಿಕೊಳ್ಳುತ್ತಾರೆ.

ಕಾಲೇಜಿನ ಪ್ರಾಜೆಕ್ಟ್‌ಗಳನ್ನು ಈ ಏಣಿಗೆ ಒರಗಿಸಿ ನೋಡಿದರೆ ಹೆಚ್ಚಿನವು ಮಧ್ಯದ ಮೆಟ್ಟಿಲುಗಳಲ್ಲೇ ನಿಲ್ಲುತ್ತವೆ. ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುತ್ತಾರೆ, ಬಣ್ಣದ ಚೀಟಿಯಲ್ಲಿ ಜನರ ಆಸೆ ಬರೆಸುತ್ತಾರೆ, ಫೋಟೋ ತೆಗೆಯುತ್ತಾರೆ. ಡಿಸೈನ್ ಮಾತ್ರ ಸ್ಟುಡಿಯೋಗೆ ವಾಪಸ್ ಬಂದ ಮೇಲೆಯೇ ಹುಟ್ಟುತ್ತದೆ. ಎಲ್ಲ ಪ್ರಾಜೆಕ್ಟೂ ತುದಿ ಮೆಟ್ಟಿಲಿಗೆ ಹೋಗಬೇಕು ಅಂತೇನೂ ಇಲ್ಲ. ಮೂರು ವಾರದ ಅಭ್ಯಾಸಕ್ಕೆ ಅಷ್ಟೊಂದು ಭಾರ ಹೊರಿಸಬಾರದು. ಆದರೆ ನಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆ ಅನ್ನುವುದನ್ನು ಮೊದಲ ದಿನವೇ ಜನರಿಗೆ ಹೇಳಬೇಕು. "ನಾವು ಕಲಿಯಲು ಬಂದಿದ್ದೇವೆ, ಇದರಿಂದ ಕಟ್ಟಡ ಬರುವುದಿಲ್ಲ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಬಣ್ಣದ ಚಿತ್ರ ತೋರಿಸಿ ಹೋದರೆ ಮಾತ್ರ ಅದು ಕನ್ನಡಿಯೊಳಗಿನ ಗಂಟಾಗುತ್ತದೆ.

ಇನ್ನೊಂದು ಪ್ರಶ್ನೆ, ಸಭೆಗೆ ಬಂದವರು ಯಾರು ಅನ್ನುವುದು. ವಾರದ ಮಧ್ಯೆ ಬೆಳಗ್ಗೆ ಹತ್ತಕ್ಕೆ ಸಭೆ ಇಟ್ಟರೆ ದುಡಿಯುವವರು ಬರುವುದಿಲ್ಲ. ಸಂಜೆ ಇಟ್ಟರೆ ಚಿಕ್ಕ ಮಕ್ಕಳ ತಾಯಂದಿರು ಬರುವುದಿಲ್ಲ. ಬಿಡುವಿದ್ದವರು, ಮಾತಿನ ಬಲ ಇದ್ದವರು ಬರುತ್ತಾರೆ. ಅವರು ಹೇಳಿದ್ದೇ ಜನರ ಅಭಿಪ್ರಾಯ ಅಂತ ದಾಖಲಾಗುತ್ತದೆ. ಇಟಲಿಯ ಆರ್ಕಿಟೆಕ್ಟ್ ಜಾನ್‌ಕಾರ್ಲೊ ದೆ ಕಾರ್ಲೊ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. 1970ರ ಸುಮಾರಿಗೆ ತೆರ್ನಿ ಊರಿನ ಉಕ್ಕಿನ ಕಾರ್ಖಾನೆ ಕಾರ್ಮಿಕರಿಗೆ ಮನೆಗಳನ್ನು ಡಿಸೈನ್ ಮಾಡಲು ಒಪ್ಪಿಕೊಂಡಾಗ ಒಂದು ಷರತ್ತು ಹಾಕಿದರು. ಕಾರ್ಮಿಕರ ಜೊತೆ ಮಾತುಕತೆ ಸಂಬಳದ ಕೆಲಸದ ಹೊತ್ತಿನಲ್ಲೇ ನಡೆಯಬೇಕು, ಅಲ್ಲಿ ಆಡಳಿತದವರು ಇರಬಾರದು. ಪಾಲ್ಗೊಳ್ಳುವುದು ಕೂಡ ಕೆಲಸವೇ. ಅದಕ್ಕೆ ಹೊತ್ತು ಬೇಕು, ಆ ಹೊತ್ತಿಗೆ ಬೆಲೆ ಇದೆ. ಇಷ್ಟು ಸರಳ ವಿಷಯ ಎಷ್ಟು ಸಲ ಮರೆಯುತ್ತೇವೆ!

ಸೆಮಿಸ್ಟರ್ ಗಡಿಯಾರ

ನನ್ನ ಲೆಕ್ಕದಲ್ಲಿ ಈ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಸೆಮಿಸ್ಟರ್ ಅಂದರೆ ಹದಿನೈದು ಹದಿನಾರು ವಾರ. ಅದರಲ್ಲಿ ಎರಡು ವಾರ ಪರಿಚಯ, ಓದು. ಕೊನೆಯ ಮೂರು ವಾರ ಡ್ರಾಯಿಂಗ್ ಮುಗಿಸುವ ಓಟ. ಮಧ್ಯೆ ಜ್ಯೂರಿಗಳು, ಬೇರೆ ಪರೀಕ್ಷೆಗಳು. ಜನರ ಜೊತೆ ಕೂರಲು ಉಳಿಯುವುದು ನಾಲ್ಕೋ ಐದೋ ಮಧ್ಯಾಹ್ನ. ಒಂದು ಬಡಾವಣೆಯ ಜನ ಹೊಸಬರನ್ನು ನಂಬಲು ಅಷ್ಟು ಸಾಲದು. ಮೊದಲ ಭೇಟಿಯಲ್ಲಿ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. ಜಗಳ ಎಲ್ಲಿದೆ, ರಾತ್ರಿ ಯಾವ ದಾರಿಯಲ್ಲಿ ಹೆಣ್ಣುಮಕ್ಕಳು ಹೋಗುವುದಿಲ್ಲ, ಯಾವ ನಲ್ಲಿಗೆ ಯಾರು ಬರುವುದಿಲ್ಲ ಅನ್ನುವುದು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಮೆಲ್ಲಗೆ ಹೊರಬೀಳುತ್ತದೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಮುಂದಿನ ವರ್ಷ ಹೊಸ ಬ್ಯಾಚು, ಅದೇ ಪ್ರಶ್ನಾವಳಿ. ಉಂಡೂ ಹೋದ, ಕೊಂಡೂ ಹೋದ ಅನ್ನುವ ಮಾತು ಜನರ ಬಾಯಲ್ಲಿ ಬಂದರೆ ತಪ್ಪೇನು? ವಿದ್ಯಾರ್ಥಿಗೆ ಮಾರ್ಕ್ಸ್ ಸಿಕ್ಕಿತು, ಪೋರ್ಟ್‌ಫೋಲಿಯೊ ಸಿಕ್ಕಿತು, ಮೇಷ್ಟ್ರಿಗೆ ಒಂದು ಪ್ರಬಂಧ ಸಿಕ್ಕಿತು. ಅಲ್ಲಿಯವರಿಗೆ?

ಹೆಸರು ಮಾಡಿದ ಕೆಲಸಗಳ ಹಿಂದೆ ಎಷ್ಟು ಕಾಲ ಇದೆ ಅಂತ ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ಬಾಂಗ್ಲಾದೇಶದ ರುದ್ರಪುರದಲ್ಲಿ ಮಣ್ಣು, ಬಿದಿರಿನಿಂದ ಕಟ್ಟಿದ ಮೇಟಿ ಶಾಲೆಯನ್ನು ಡಿಸೈನ್ ಮಾಡಿದವರು ಅನ್ನಾ ಹೆರಿಂಗರ್. ಆಸ್ಟ್ರಿಯಾದ ಲಿಂಜ್‌ನಲ್ಲಿ ಓದುವಾಗ ಅದು ಅವರ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿತ್ತು. 2005ರಲ್ಲಿ ಕೆಲವೇ ತಿಂಗಳಲ್ಲಿ ಕಟ್ಟಡ ಎದ್ದಿತು, 2007ರಲ್ಲಿ ಆರ್ಕಿಟೆಕ್ಚರ್‌ಗೆ ಕೊಡುವ ಆಗಾ ಖಾನ್ ಪ್ರಶಸ್ತಿ ಬಂತು. ಕೇಳಿದರೆ ವಿದ್ಯಾರ್ಥಿಯ ಪವಾಡ ಅನಿಸುತ್ತದೆ. ಆದರೆ ಆರ್ಕಿಟೆಕ್ಚರ್ ಓದುವ ಮೊದಲೇ ಅವರು ಒಂದು ವರ್ಷ ಅಲ್ಲೇ ಸ್ವಯಂಸೇವಕಿಯಾಗಿ ಇದ್ದರು. ಆಮೇಲೂ ಹೋಗಿ ಬಂದು ಮಾಡುತ್ತಿದ್ದರು. ನಾಲ್ಕು ತಿಂಗಳ ಕಟ್ಟಡದ ಕೆಳಗೆ ಎಂಟು ವರ್ಷದ ಪಾಯ ಇತ್ತು.

ಫ್ರಾನ್ಸಿಸ್ ಕೆರೆ ಅವರದ್ದು ಇನ್ನೂ ದೊಡ್ಡ ಕತೆ. ಬುರ್ಕಿನಾ ಫಾಸೊ ದೇಶದ ಗಾಂಡೊ ಹಳ್ಳಿಯವರು. ಮರಗೆಲಸ ಕಲಿಯಲು ಜರ್ಮನಿಗೆ ಹೋಗಿ, ಆಮೇಲೆ ಬರ್ಲಿನ್‌ನಲ್ಲಿ ಆರ್ಕಿಟೆಕ್ಚರ್ ಸೇರಿದರು. ಇನ್ನೂ ಓದುತ್ತಿರುವಾಗಲೇ ಹಣ ಕೂಡಿಸಿ ತಮ್ಮ ಹಳ್ಳಿಗೆ ಒಂದು ಪ್ರಾಥಮಿಕ ಶಾಲೆ ಕಟ್ಟಿದರು. ಅದು ಮುಗಿದದ್ದು 2001ರಲ್ಲಿ. 2004ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಅವರಿಗೆ ಆರ್ಕಿಟೆಕ್ಟ್‌ಗಳ ಪಾಲಿನ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಬಂತು. ಆ ಪ್ರಶಸ್ತಿ ಪಡೆದ ಆಫ್ರಿಕಾದ ಮೊದಲ ಆರ್ಕಿಟೆಕ್ಟ್ ಅವರು.

ಗಾಂಡೊದ ಕತೆಯಲ್ಲಿ ನನಗೆ ಜಾಸ್ತಿ ಇಷ್ಟ ಆಗುವುದು ಪ್ರಶಸ್ತಿಯಲ್ಲ, ಜಗಳ. ಜೇಡಿಮಣ್ಣಿನಲ್ಲಿ ಶಾಲೆ ಕಟ್ಟೋಣ ಅಂದಾಗ ಹಳ್ಳಿಯವರು ಒಪ್ಪಲಿಲ್ಲ. ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ ಅನ್ನುವುದು ಅವರ ಕಣ್ಣೆದುರಿನ ಸತ್ಯ. ಜರ್ಮನಿಯಲ್ಲಿ ಓದಿ ಬಂದವನು ಗಾಜು, ಕಾಂಕ್ರೀಟ್ ತರುತ್ತಾನೆ ಅಂದುಕೊಂಡರೆ ಇವನು ಮತ್ತೆ ಮಣ್ಣೇ ತೋರಿಸುತ್ತಾನಲ್ಲ! ಕೆರೆ ಜನರ ಮಾತಿಗೆ ತಲೆಬಾಗಿ ಕಾಂಕ್ರೀಟ್ ಗೋಡೆ ಎಬ್ಬಿಸಲಿಲ್ಲ. ತಮಗೆ ಗೊತ್ತು ಅಂತ ಮೇಲೆ ಬಿದ್ದು ಮಣ್ಣನ್ನು ಹೇರಲೂ ಇಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಇಟ್ಟಿಗೆ ಮಾಡಿದರು. ತಗಡಿನ ಚಾವಣಿಯನ್ನು ಗೋಡೆಗಳಿಂದ ಹೊರಕ್ಕೆ ಚಾಚಿದರು, ಮಳೆ ಗೋಡೆಗೆ ತಾಗಬಾರದು ನೋಡಿ. ಅದನ್ನು ಒಳಚಾವಣಿಯಿಂದ ಮೇಲಕ್ಕೂ ಎತ್ತಿದರು. ನಡುವೆ ಗಾಳಿ ಹಾಯುತ್ತದೆ, ತಗಡಿನ ಕಾವು ತರಗತಿಗೆ ಇಳಿಯುವುದಿಲ್ಲ. ಕಮಾನಿನ ಮಾದರಿ ಕಟ್ಟಿ, ತಾವೇ ಅದರ ಮೇಲೆ ಹತ್ತಿ ನಿಂತು ತೋರಿಸಿದರು. ಆಮೇಲೆ ಹಳ್ಳಿಯವರೇ ಕಲ್ಲು ಹೊತ್ತರು, ನೀರು ತಂದರು, ನೆಲ ಬಡಿದರು.

"ಎಲ್ಲರನ್ನೂ ಕೇಳುತ್ತಾ ಕೂತರೆ ಡಿಸೈನ್ ಕೆಡುತ್ತದೆ" ಅನ್ನುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಅವರ ಮಾತಿನಲ್ಲಿ ಒಂದು ಪಾಲು ನಿಜ ಇದೆ. ಪಟ್ಟಿ ಮಾಡಿಕೊಂಡು, ಕೇಳಿದ್ದನ್ನೆಲ್ಲ ತುರುಕಿದರೆ ಕಟ್ಟಡ ಕೆಡುತ್ತದೆ. ಆದರೆ ಕೇಳಿಸಿಕೊಳ್ಳುವುದು ಅಂದರೆ ಉಕ್ತಲೇಖನ ಅಲ್ಲ. ಮಳೆಯ ಭಯ ನಿಜ ಅಂತ ಒಪ್ಪಿಕೊಂಡಿದ್ದರಿಂದಲೇ ಗಾಂಡೊದ ಚಾವಣಿಗೆ ಆ ರೂಪ ಬಂತು.

ಒಂದೇ ಕಡೆ ಉಳಿದವರು

ಎಲ್ಲ ವಿದ್ಯಾರ್ಥಿಗಳಿಗೂ ಎಂಟು ವರ್ಷ ಒಂದೇ ಊರಿಗೆ ಹೋಗಿ ಬರುತ್ತಿರಲು ಆಗುವುದಿಲ್ಲ. ಆದರೆ ಕಾಲೇಜಿಗೆ ಆಗುತ್ತದೆ. ವಿದ್ಯಾರ್ಥಿಗಳು ಬದಲಾದರೂ ಕಾಲೇಜು ಅಲ್ಲೇ ಇದ್ದರೆ ಸಾಕು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ರೂರಲ್ ಸ್ಟುಡಿಯೋ. ಅಮೆರಿಕದ ಅಲಬಾಮಾದಲ್ಲಿ ಹೇಲ್ ಕೌಂಟಿ ಅನ್ನುವ ಬಡ ಪ್ರದೇಶ. 1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರುತ್ ಅಲ್ಲಿ ಒಂದು ಸ್ಟುಡಿಯೋ ತೆರೆದರು. ವಿದ್ಯಾರ್ಥಿಗಳು ಅಲ್ಲೇ ಹೋಗಿ ಇರಬೇಕು, ಅಲ್ಲಿಯವರಿಗೇ ಕಟ್ಟಬೇಕು. ಮೊದಲ ಮನೆಯ ಗೋಡೆಗೆ ಒಣಹುಲ್ಲಿನ ಪೆಂಡಿ ಜೋಡಿಸಿ ಗಾರೆ ಬಳಿದಿದ್ದರು. ಆರಂಭದ ಕೆಲಸಗಳಲ್ಲಿ ಹಳೆ ಟೈರು, ಬಾಟಲಿ, ಕಾರಿನ ಗಾಜು ಎಲ್ಲ ಬಂದವು. ನೋಡಲು ಚೆಂದ, ಪತ್ರಿಕೆಗಳಿಗೂ ಇಷ್ಟ. ಬಡವರ ಮನೆಯನ್ನು ಪ್ರಯೋಗಶಾಲೆ ಮಾಡುವುದು ಸರಿಯೇ ಅನ್ನುವ ಪ್ರಶ್ನೆಯೂ ಬಂತು. ಪ್ರಶ್ನೆ ನ್ಯಾಯವಾದದ್ದೇ. ಮಾಕ್‌ಬೀ 2001ರ ಕೊನೆಯಲ್ಲಿ ತೀರಿಕೊಂಡರು. ಸ್ಟುಡಿಯೋ ಮಾತ್ರ ಅಲ್ಲೇ ಉಳಿಯಿತು. ನ್ಯೂಬರ್ನ್ ಅನ್ನುವ ಪುಟ್ಟ ಊರಿನಲ್ಲಿ ಅಗ್ನಿಶಾಮಕ ಠಾಣೆ ಕಟ್ಟಿತು, ಊರಿನ ಕಚೇರಿ ಕಟ್ಟಿತು, ಹಳೆಯ ಬ್ಯಾಂಕ್ ಕಟ್ಟಡವನ್ನು ಗ್ರಂಥಾಲಯ ಮಾಡಿತು. ಇಲ್ಲಿಯವರೆಗೆ 200ಕ್ಕೂ ಹೆಚ್ಚು ಕೆಲಸಗಳು ಆಗಿವೆ.

2005ರಲ್ಲಿ ಅವರು ಇನ್ನೊಂದು ಸವಾಲು ಹಾಕಿಕೊಂಡರು. ಸಾಮಗ್ರಿ, ಕೂಲಿ ಎರಡೂ ಸೇರಿ 20,000 ಡಾಲರ್‌ಗೆ ಒಂದು ಗಟ್ಟಿ ಮನೆ. ಪಿಂಚಣಿಯಂಥ ಸಣ್ಣ ಆದಾಯದಲ್ಲಿ ಬದುಕುವವರು ಸಾಲ ಮಾಡಿ ತೀರಿಸಬಹುದಾದ ಮೊತ್ತ ಅದು. ವರ್ಷ ವರ್ಷ ಹೊಸ ತಂಡ ಹಿಂದಿನ ತಂಡದ ಮನೆಯನ್ನು ತಿದ್ದುತ್ತಾ ಬಂತು. ಮನೆ ಸಿದ್ಧ ಆಯಿತು. ಆಗ ಗೊತ್ತಾಯಿತು ನೋಡಿ, ಅಡ್ಡಿ ಇರುವುದು ಗೋಡೆಯಲ್ಲಿ ಅಲ್ಲ. ಅಷ್ಟು ಸಣ್ಣ ಸಾಲ ಕೊಟ್ಟರೆ ಬ್ಯಾಂಕಿಗೆ ಗಿಟ್ಟುವುದಿಲ್ಲ. ಜೊತೆಗೆ ಕಟ್ಟಡ ನಿಯಮ, ವಿಮೆ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಈಗ ಸಾಲದ ಪತ್ರ ಓದಲು ಕೂತರು. ಒಂದೇ ಸೆಮಿಸ್ಟರ್‌ನಲ್ಲಿ ಕಟ್ಟಿ ಎದ್ದು ಹೋಗಿದ್ದರೆ ಈ ಪಾಠ ಸಿಗುತ್ತಲೇ ಇರಲಿಲ್ಲ.

ಬೇರೆ ದಾರಿಗಳೂ ಇವೆ. ಚಿಲಿ ದೇಶದ ತಾಲ್ಕಾ ವಿಶ್ವವಿದ್ಯಾಲಯದಲ್ಲಿ ಪದವಿ ಬೇಕಾದರೆ ವಿದ್ಯಾರ್ಥಿ ಒಂದು ನಿಜವಾದ ರಚನೆಯನ್ನು ತಾನೇ ಡಿಸೈನ್ ಮಾಡಿ, ತಾನೇ ಹಣ ಹೊಂದಿಸಿ, ಕಟ್ಟಿ ತೋರಿಸಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1999ರಿಂದ ಲೈವ್ ಪ್ರಾಜೆಕ್ಟ್ಸ್ ನಡೆಯುತ್ತಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಗುಂಪಾಗಿ ಆರು ವಾರ ಒಂದು ಸಂಘಕ್ಕೋ ಶಾಲೆಗೋ ಕೆಲಸ ಮಾಡುತ್ತಾರೆ. ಅಲ್ಲಿ ಕಟ್ಟಡವೇ ಬರಬೇಕು ಅಂತಿಲ್ಲ. ಅನುದಾನಕ್ಕೆ ಅರ್ಜಿ ಹಾಕಲು ಬೇಕಾದ ವರದಿ ಕೂಡ ಆಗಬಹುದು. ಆರು ವಾರಕ್ಕೆ ಆರು ವಾರದಷ್ಟೇ ಮಾತು ಕೊಡುವುದು ಜಾಣತನ. ಕಾನ್ಸಾಸ್ ವಿಶ್ವವಿದ್ಯಾಲಯದ ಸ್ಟುಡಿಯೋ 804 ಇದಕ್ಕೆ ತದ್ವಿರುದ್ಧ. 2007ರ ಮೇ 4ರಂದು ಕಾನ್ಸಾಸ್‌ನದೇ ಗ್ರೀನ್ಸ್‌ಬರ್ಗ್ ಊರನ್ನು ಸುಂಟರಗಾಳಿ ನೆಲಸಮ ಮಾಡಿತು. ಮರುವರ್ಷವೇ ವಿದ್ಯಾರ್ಥಿಗಳು ಒಂದು ಕಲಾಕೇಂದ್ರವನ್ನು ತುಂಡು ತುಂಡಾಗಿ ಕಟ್ಟಿ, ಲಾರಿಯಲ್ಲಿ ಒಯ್ದು ಜೋಡಿಸಿದರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವ ಕ್ರಮದಲ್ಲಿ, ಸುಂಟರಗಾಳಿಯ ದಿನಾಂಕವೇ ಅದರ ಹೆಸರು: 5.4.7.

ತಿಳಿಸಿ ಹೇಳುವುದೂ ಒಂದು ಕೆಲಸ

ಔಟ್‌ರೀಚ್ ಬಗ್ಗೆ ಮೇಲೆ ಸ್ವಲ್ಪ ಬಿರುಸಾಗಿ ಮಾತಾಡಿದೆ. ಅದನ್ನು ಚೆನ್ನಾಗಿ ಮಾಡಿದರೆ ಸಣ್ಣ ಕೆಲಸ ಅಲ್ಲ. ನ್ಯೂಯಾರ್ಕಿನ ಸೆಂಟರ್ ಫಾರ್ ಅರ್ಬನ್ ಪೆಡಗಾಜಿ ಅನ್ನುವ ಸಂಸ್ಥೆ ಬೀದಿ ವ್ಯಾಪಾರಿಗಳಿಗಾಗಿ ಒಂದು ಪೋಸ್ಟರ್ ಮಾಡಿತು. ಗಾಡಿ ಎಲ್ಲಿ ನಿಲ್ಲಿಸಬಹುದು, ಬಾಗಿಲಿನಿಂದ ಎಷ್ಟು ದೂರ ಇರಬೇಕು, ಪೊಲೀಸರು ಬಂದರೆ ಹಕ್ಕೇನು ಅನ್ನುವುದೆಲ್ಲ ಚಿತ್ರದಲ್ಲಿ. ಮಾತು ಇದ್ದಲ್ಲಿ ಹಲವು ಭಾಷೆಯಲ್ಲಿ, ಬಂಗಾಳಿಯೂ ಸೇರಿ. ದಪ್ಪ ನಿಯಮ ಪುಸ್ತಕದಲ್ಲಿ ಇದ್ದದ್ದೇ. ಆದರೆ ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಡ್ರಾಯಿಂಗ್ ಕಲಿತವರಿಗಿಂತ ಚೆನ್ನಾಗಿ ಈ ಕೆಲಸ ಯಾರು ಮಾಡಿಯಾರು?

ಲಂಡನ್ನಿನಲ್ಲಿ 1992ರಲ್ಲಿ ಶುರುವಾದ ಓಪನ್ ಹೌಸ್ ಇನ್ನೊಂದು ಬಗೆ. ಸಾಮಾನ್ಯವಾಗಿ ಒಳಗೆ ಬಿಡದ ಕಟ್ಟಡಗಳು ಆ ದಿನಗಳಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿರುತ್ತವೆ. ಈಗ ಲೋಕದ ಎಷ್ಟೋ ನಗರಗಳಲ್ಲಿ ಇದು ನಡೆಯುತ್ತದೆ. 2014ರಲ್ಲಿ ಬ್ರಿಟನ್ನಿನ ಟೆರಿ ಫ್ಯಾರೆಲ್ ಅವರ ನೇತೃತ್ವದ ವರದಿಯೊಂದು ಪ್ರತಿ ಊರಿಗೂ ಒಂದು ಅರ್ಬನ್ ರೂಮ್ ಬೇಕು ಅಂದಿತು. ಊರಿನ ನಿನ್ನೆ, ಇವತ್ತು, ನಾಳೆಯ ಮಾಡೆಲ್ ಇಟ್ಟಿರುವ ಒಂದು ಕೋಣೆ. ಸುಮ್ನೆ ಒಳಗೆ ಬಂದು, ಬೆರಳಿಟ್ಟು ನಮ್ಮ ಬೀದಿ ಹುಡುಕಿ, ಬೈದು ಹೋಗಬಹುದು. ಬೈಗುಳ ಕೇಳಿಸಿಕೊಳ್ಳಲು ಅಲ್ಲಿ ವಿದ್ಯಾರ್ಥಿಗಳಿದ್ದರೆ ಇನ್ನೂ ಒಳ್ಳೆಯದು.

ಮಾಡೆಲ್ ಅಂದಾಗ ಒಂದು ಕಸುಬಿನ ಗುಟ್ಟು ಹೇಳಬೇಕು. ಜನರ ಮುಂದೆ ಇಡುವ ಮಾಡೆಲ್ ಒರಟಾಗಿರಬೇಕು. ರಟ್ಟು, ಥರ್ಮಾಕೋಲ್, ಪಿನ್ನು. ಲೇಸರ್‌ನಲ್ಲಿ ಕತ್ತರಿಸಿದ ಬಿಳಿ ಮಾಡೆಲ್, ಕಂಪ್ಯೂಟರ್‌ನಲ್ಲಿ ಮಾಡಿದ ಹೊಳೆಯುವ ಚಿತ್ರ ಇಟ್ಟರೆ ಎದುರಿಗಿದ್ದವರು ಕೈ ಕಟ್ಟಿ ನಿಲ್ಲುತ್ತಾರೆ. ಎಲ್ಲ ಮುಗಿದಿದೆ, ಇನ್ನು ನಮ್ಮದೇನು ಅನಿಸುತ್ತದೆ. ರಟ್ಟಿನ ತುಂಡಾದರೆ ಎತ್ತಿ ಪಕ್ಕಕ್ಕೆ ಇಡಲು ಯಾರೂ ಹಿಂಜರಿಯುವುದಿಲ್ಲ. ಮಕ್ಕಳಂತೂ ಕೇಳುವುದೇ ಇಲ್ಲ. ನಡಿಗೆಗೂ ಇದೇ ಮಾತು. ಹಗಲು ಒಂದು ಸಲ ನಡೆದರೆ ಸಾಲದು, ಕತ್ತಲಾದ ಮೇಲೂ ಅಲ್ಲಿಯವರ ಜೊತೆ ನಡೆಯಬೇಕು.

ಮಾರ್ಕ್ಸ್ ಯಾವುದಕ್ಕೆ?

ವಿದ್ಯಾರ್ಥಿಗಳು ಮಾರ್ಕ್ಸ್ ಎಲ್ಲಿದೆಯೋ ಅಲ್ಲಿ ಕೆಲಸ ಮಾಡುತ್ತಾರೆ. ತಪ್ಪೂ ಅಲ್ಲ. ಕೊನೆಯ ಜ್ಯೂರಿಯಲ್ಲಿ ಡ್ರಾಯಿಂಗ್‌ಗೆ ಮಾತ್ರ ಮಾರ್ಕ್ಸ್ ಇದ್ದರೆ, ಐದನೇ ಸಲ ಅಜ್ಜಿಯ ಮನೆಗೆ ಹೋಗುವ ಬದಲು ರಾತ್ರಿ ಕೂತು ಕಂಪ್ಯೂಟರ್‌ನಲ್ಲಿ ಹೊಳೆಯುವ ಚಿತ್ರ ಮಾಡುವುದೇ ಲಾಭ. ಹಾಗಾಗಿ ಅಳತೆಗೋಲು ಬದಲಾಗಬೇಕು. ಮೊದಲ ಡ್ರಾಯಿಂಗ್ ಮತ್ತು ಕೊನೆಯ ಡ್ರಾಯಿಂಗ್ ಪಕ್ಕಪಕ್ಕ ಇಟ್ಟು, ಯಾವ ಗೆರೆ ಯಾರ ಮಾತಿನಿಂದ ಸರಿಯಿತು ಅಂತ ಕೇಳಬಹುದು. ಯಾವ ಮಾತನ್ನು ಒಪ್ಪಲಿಲ್ಲ, ಯಾಕೆ ಅಂತಲೂ ಕೇಳಬೇಕು. ಜ್ಯೂರಿಯಲ್ಲಿ ಅಲ್ಲಿಯವರೇ ಒಬ್ಬಿಬ್ಬರು ಕೂರಬೇಕು, ಬರೀ ಅತಿಥಿಗಳಾಗಿ ಅಲ್ಲ, ಮಾರ್ಕ್ಸ್ ಹಾಕುವವರಾಗಿ. ಒಂದೇ ಒಂದು ಎಚ್ಚರಿಕೆ: ಜ್ಯೂರಿ ಅವರಿಗೆ ಅರ್ಥವಾಗುವ ಮಾತಿನಲ್ಲಿ ನಡೆಯಬೇಕು. ಇಲ್ಲದಿದ್ದರೆ ಮತ್ತೆ "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ.

ಇನ್ನು ಕೊನೆಯ ವಾರ. ಏನಾದರೂ ಕಟ್ಟಿದ್ದರೆ, ಬೆಂಚೋ ಚಪ್ಪರವೋ ಕೋಣೆಯೋ, ಹೊರಡುವ ಮೊದಲು ಬರೆಯಬೇಕಾದ ಒಂದು ಹಾಳೆ ಇರುತ್ತದೆ. ಯಾವ ಜ್ಯೂರಿಯೂ ಅದನ್ನು ಕೇಳುವುದಿಲ್ಲ. ಯಾವ ಅಳತೆಯ ಬೋಲ್ಟ್, ಯಾವ ಬಣ್ಣ, ಮರಕ್ಕೆ ಎಣ್ಣೆ ಎಷ್ಟು ತಿಂಗಳಿಗೊಮ್ಮೆ, ಸೋರಿದರೆ ಮೊದಲು ಎಲ್ಲಿ ನೋಡಬೇಕು, ಕೀಲಿ ಯಾರ ಹತ್ತಿರ, ಮುಂದಿನ ವರ್ಷ ಕಾಲೇಜಿನಲ್ಲಿ ಯಾರನ್ನು ಕೇಳಬೇಕು. ಪ್ಲಾನ್ ಓದಲು ಬಾರದವರಿಗೂ ಅರ್ಥವಾಗುವ ಹಾಗೆ, ದೊಡ್ಡ ಅಕ್ಷರದಲ್ಲಿ, ಪಕ್ಕದಲ್ಲಿ ಚಿತ್ರ ಬರೆದು. ಅದನ್ನು ಪ್ಲಾಸ್ಟಿಕ್ ಹೊದಿಸಿ ಬಾಗಿಲ ಒಳಮುಖಕ್ಕೆ ಮೊಳೆ ಹೊಡೆದು ಬರುತ್ತಾರೆ. ಬಾಗಿಲು ಹೊರಕ್ಕೆ ತೆರೆಯುತ್ತದೋ ಒಳಕ್ಕೋ ಅನ್ನುವುದನ್ನು ಅಷ್ಟು ಹೊತ್ತಿಗೆ ಅಜ್ಜಿ ತೀರ್ಮಾನ ಮಾಡಿರುತ್ತಾರೆ.